ಸಂಜೆ ಶಿಫ್ಟ್‌ನಲ್ಲಿ ನಾನು ಗ್ರಿಡ್ ನೋಡಿಕೊಳ್ಳುವ ರೀತಿ

ರಾಜ್ಯದ ವಿದ್ಯುತ್ ಜಾಲವನ್ನು ನೋಡಿಕೊಳ್ಳುವ ನಮ್ಮ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗೆ ಬಂದವರ ಕಣ್ಣು ಮೊದಲು ಹೋಗುವುದು ಗೋಡೆಯ ಮೇಲಿನ ಫ್ರೀಕ್ವೆನ್ಸಿ ಅಂಕಿಯ ಕಡೆಗೆ. ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ ಅದು, 50ರ ಹತ್ತಿರ ಇರಬೇಕು. 49.98 ಇದ್ದರೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ. ಹೊಸದಾಗಿ ಸೇರಿದ ಇಂಜಿನಿಯರ್‌ಗಳೂ ಅಷ್ಟೇ. ಆ ಅಂಕಿ ನಮ್ಮೊಬ್ಬರದಲ್ಲ ಅಂತ ನಾನು ಅವರಿಗೆ ಮೊದಲು ಹೇಳುತ್ತೇನೆ.

ದಕ್ಷಿಣದ ಗ್ರಿಡ್ ಬೇರೆಯಾಗಿದ್ದಾಗ ಇಲ್ಲಿ ಕರೆಂಟು ಉತ್ಪಾದಿಸುವ ದೊಡ್ಡ ಮಷಿನ್ ಒಂದು ಟ್ರಿಪ್ ಆದರೆ, ಅಂದರೆ ದಿಢೀರನೆ ನಿಂತರೆ, ಫ್ರೀಕ್ವೆನ್ಸಿ ಕಣ್ಣೆದುರೇ ಇಳಿಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ನಾವು ದೇಶದ ಉಳಿದ ಗ್ರಿಡ್‌ ಜೊತೆ ಸಿಂಕ್ ಆದೆವು, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿಕೊಂಡೆವು. ಈಗ ಯರಮರಸ್‌ನ 800 ಮೆಗಾವ್ಯಾಟ್ ಮಷಿನ್ ನಿಂತರೂ ಅಂಕಿ ಸ್ವಲ್ಪ ಅಲುಗಾಡಿ ಸುಮ್ಮನಾಗುತ್ತದೆ. ಕೊರತೆ ಮಾಯವಾಗಲಿಲ್ಲ, ಹೊರಗಿನಿಂದ ಬರುವ ಲೈನ್‌ಗಳ ಮೇಲೆ ಬಿತ್ತು ಅಷ್ಟೇ. ಹಾಗಾಗಿ ಹೊರಗಿನಿಂದ ಎಳೆಯಲು ಮೊದಲೇ ನಿಗದಿಯಾದ ಶೆಡ್ಯೂಲ್ ಎಷ್ಟಿದೆ, ನಾವು ಎಳೆಯುತ್ತಿರುವುದು ಎಷ್ಟು, ಯಾವ ಲೈನ್ ಜಾಸ್ತಿ ಹೊತ್ತಿದೆ ಅನ್ನುವುದನ್ನೇ ಮೊದಲು ನೋಡುತ್ತೇನೆ.

2012ರ ಜುಲೈ 30 ಮತ್ತು 31ರ ದೊಡ್ಡ ಕತ್ತಲು ನೆನಪಿದೆ ಅಲ್ವಾ? ಅದು ಫ್ರೀಕ್ವೆನ್ಸಿ ಕುಸಿದು ಶುರುವಾದದ್ದಲ್ಲ. ಬಿನಾ–ಗ್ವಾಲಿಯರ್ 400 ಕೆವಿ ಲೈನ್ ಮೇಲೆ ಲೋಡ್ ಏರಿತು. ಲೈನ್ ಕಾಯುವ ಸಾಧನವಾದ ರಿಲೇ ಅದನ್ನು ಫಾಲ್ಟ್ ಅಂತ ಎಣಿಸಿ ಲೈನ್ ಬಿಡಿಸಿತು. ಆ ಲೋಡ್ ಪಕ್ಕದ ಲೈನ್‌ಗಳಿಗೆ ನುಗ್ಗಿ ಅವೂ ಒಂದೊಂದಾಗಿ ಹೋದವು. ಹೀಗಾಗಿ, ಭಾರ ಹೊತ್ತ ಪ್ರತಿ ಲೈನ್ ಎದುರೂ ನನ್ನದು ಒಂದೇ ಪ್ರಶ್ನೆ: ಇದು ಈಗಲೇ ಹೋದರೆ ಲೋಡ್ ಎಲ್ಲಿಗೆ ಹೋಗುತ್ತದೆ, ಅಲ್ಲಿ ತಡೆಯುತ್ತದಾ? ಕಂಪ್ಯೂಟರ್ ಇದನ್ನು ಲೆಕ್ಕ ಹಾಕುತ್ತದೆ. ಆದರೂ ಕಾಗದದ ಮೇಲೆ ನಾನೇ ಒಮ್ಮೆ ಹಾಕುತ್ತೇನೆ. ತಡೆಯದು ಅನ್ನಿಸಿದರೆ ಟ್ರಿಪ್ ಆಗುವ ತನಕ ಕಾಯುವುದಿಲ್ಲ. ಈ ಕಡೆಯ ಉತ್ಪಾದನೆ ಏರಿಸುತ್ತೇನೆ, ಇಲ್ಲ 220 ಕೆವಿ ಲೋಡನ್ನು ಬೇರೆ ಸ್ಟೇಷನ್‌ಗೆ ತಿರುಗಿಸುತ್ತೇನೆ.

ನಿಜವಾದ ಪರೀಕ್ಷೆ ಸಂಜೆ. ಪಾವಗಡ ಸೋಲಾರ್ ಪಾರ್ಕ್ ಒಂದೇ 2050 ಮೆಗಾವ್ಯಾಟ್‌ನದು. ನಾಲ್ಕರ ನಂತರ ಅದು ಇಳಿಯುತ್ತಾ ಹೋಗಿ ಕತ್ತಲಾಗುವಷ್ಟರಲ್ಲಿ ಸೊನ್ನೆ. ಅದೇ ಹೊತ್ತಿಗೆ ಊರೆಲ್ಲ ದೀಪ ಹಾಕುತ್ತದೆ. ರಾಯಚೂರಿನ ಕಲ್ಲಿದ್ದಲಿನ 210 ಮೆಗಾವ್ಯಾಟ್ ಥರ್ಮಲ್ ಮಷಿನ್ ನಿಮಿಷಕ್ಕೆ ಶೇಕಡಾ 1ರ ಲೆಕ್ಕದಲ್ಲಿ ಏರಿದರೆ ಸಿಗುವುದು 2 ಮೆಗಾವ್ಯಾಟ್ ಚಿಲ್ಲರೆ. ಶರಾವತಿ ಜಲವಿದ್ಯುತ್ ಕೇಂದ್ರದಲ್ಲಿ 103.5 ಮೆಗಾವ್ಯಾಟ್‌ನ 10 ಮಷಿನ್ ಇವೆ. ನಿಂತ ಮಷಿನ್ ಕೆಲವೇ ನಿಮಿಷದಲ್ಲಿ ಪೂರ್ತಿ ಲೋಡ್ ಎತ್ತುತ್ತದೆ. ಅದಕ್ಕೇ ಹಗಲು ಅವನ್ನು ನಿಲ್ಲಿಸಿ ನೀರು ಉಳಿಸುವುದು ನನಗಿಷ್ಟ. ಥರ್ಮಲ್‌ಗೆ ಮೂರೂವರೆಗೇ ಏರಿಸಲು ಹೇಳಿಬಿಡುತ್ತೇನೆ.

ಐದರ ಹೊತ್ತಿಗೆ ಶರಾವತಿಗೆ ಫೋನ್ ಮಾಡುತ್ತೇನೆ. "ಸಾರ್, ಎರಡು ಮಷಿನ್ ಸಿಂಕ್ ಮಾಡಿಟ್ಟಿರಿ. ಲೋಡ್ ಆಮೇಲೆ ಹೇಳ್ತೀನಿ."

"ಒಂದು ಶಟ್‌ಡೌನ್‌ನಲ್ಲಿದೆ ಸಾರ್. ಪಕ್ಕದ್ದು ತಗೋತೀವಿ."

ಇಂಥ ಮಾತು ಐದಕ್ಕೇ ಗೊತ್ತಾಗಬೇಕು, ಆರೂವರೆಗಲ್ಲ.

ಜಲವಿದ್ಯುತ್ತಿನ ಮಹತ್ವ ದೇಶಕ್ಕೇ ಗೊತ್ತಾದದ್ದು 2020ರ ಏಪ್ರಿಲ್ 5ರ ರಾತ್ರಿ. ಪ್ರಧಾನಿಯ ಕರೆಗೆ ಒಂಬತ್ತಕ್ಕೆ ಎಲ್ಲರೂ ದೀಪ ಆರಿಸಿದಾಗ ಸುಮಾರು 31,000 ಮೆಗಾವ್ಯಾಟ್ ಬೇಡಿಕೆ ಇಳಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿದೂಗಿಸಿದ್ದು ಜಲವಿದ್ಯುತ್ ಮಷಿನ್‌ಗಳು. ಫ್ರೀಕ್ವೆನ್ಸಿ 49.70ರಿಂದ 50.26ರೊಳಗೇ ಉಳಿಯಿತು.

ರಾತ್ರಿ ತೊಂದರೆ ಉಲ್ಟಾ. ಮಳೆ ಬಂದು ಪಂಪ್‌ಸೆಟ್ ನಿಂತರೆ ಲೈನ್‌ಗಳು ಖಾಲಿಯಾಗಿ ವೋಲ್ಟೇಜ್ ಏರುತ್ತದೆ. 400 ಕೆವಿ ಬಸ್, ಅಂದರೆ ಸ್ಟೇಷನ್‌ನಲ್ಲಿ ಲೈನ್‌ಗಳು ಸೇರುವ ಕಡೆ, ವೋಲ್ಟೇಜ್ 420 ಕೆವಿ ದಾಟಬಾರದು. ಮೊದಲು ವೋಲ್ಟೇಜ್ ಇಳಿಸುವ ರಿಯಾಕ್ಟರ್ ಹಾಕಿಸುತ್ತೇನೆ, ಆಮೇಲೆ ಓಡುತ್ತಿರುವ ಮಷಿನ್‌ಗಳಿಗೆ ವೋಲ್ಟೇಜ್ ಏರಿಸುತ್ತಿರುವ ರಿಯಾಕ್ಟಿವ್ ಪವರ್ ಎಳೆದುಕೊಳ್ಳಲು ಹೇಳುತ್ತೇನೆ. ಲೈನ್ ಬಿಡಿಸುವುದು ಕಡೆಯ ದಾರಿ, ಮನಸ್ಸಿಲ್ಲದೆ ಮಾಡುವ ಕೆಲಸ. ಒಂದು ಲೈನ್ ಕಮ್ಮಿಯಾದರೆ ಉಳಿದವುಗಳ ಆಸರೆ ಅಷ್ಟು ಕಮ್ಮಿ. ಬಿಡಿಸಿದ ಲೈನ್‌ಗಳ ಹೆಸರು, ಹೊತ್ತು ಎರಡನ್ನೂ ಮುಂದಿನ ಶಿಫ್ಟ್‌ನವರಿಗೆ ಬರೆದು ಕೊಟ್ಟು ಬಾಯಲ್ಲೂ ಹೇಳುತ್ತೇನೆ. ಬೆಳಿಗ್ಗೆ ಪಂಪ್‌ಸೆಟ್ ಫೀಡರ್‌ಗಳಿಗೆ ತ್ರೀ ಫೇಸ್ ಕೊಡುವ ಮುಂಚೆ ಅವೆಲ್ಲ ಮತ್ತೆ ಸರ್ವಿಸ್‌ಗೆ ಬಂದಿರಬೇಕು.