ಒಂದೇ ಹೆಸರು, ಎರಡು ಹಪ್ಪಳ: ಟ್ರೇಡ್‌ಮಾರ್ಕ್ ಜಗಳ ನಾವು ಬಗೆಹರಿಸಿಕೊಂಡ ಬಗೆ

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ಉದ್ಯಮ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್ ಮಾಡುತ್ತೇವೆ. ಅಮ್ಮ 1997ರಲ್ಲಿ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹೆಸರು ದೇವರದ್ದು. ಯಾವ ದೇವರು ಅಂತ ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ಎದುರು ಪಾರ್ಟಿಯ ಹೆಸರೂ ಅದೇ. ಕುಂಬಳೆಯಿಂದ ಪೆರ್ಲದವರೆಗೆ ಹೋದರೆ ಅದೇ ಹೆಸರಿನ ಹೋಟೆಲು, ಬಸ್ಸು, ಟೈಲರ್ ಅಂಗಡಿ ಎಲ್ಲ ಸಿಗುತ್ತವೆ. ಮಧೂರು, ಅನಂತಪುರದಂಥ ದೇವಸ್ಥಾನಗಳಿರುವ ಊರು. ಅಂಗಡಿ ಇಡುವವರು ನಂಬಿದ ದೇವರ ಹೆಸರಿಡುವುದು ಸಹಜ ಅಲ್ವಾ?

ನೋಟಿಸು ಬಂದದ್ದು ತಲಪಾಡಿ ಗಡಿಯ ಆಚೆಯಿಂದ, ಕರ್ನಾಟಕದ ಕಡೆಯಿಂದ. ಅದೇ ಹೆಸರಿನಲ್ಲಿ ಹಪ್ಪಳ, ಸಾಂಬಾರು ಪುಡಿ ಮಾರುವ ಒಂದು ಕಂಪನಿ. ಹೆಸರು 30ನೇ ಕ್ಲಾಸಿನಲ್ಲಿ (ಟ್ರೇಡ್‌ಮಾರ್ಕ್ ನೋಂದಣಿಗೆ ಸರಕುಗಳನ್ನು ವಿಂಗಡಿಸಿದ ವರ್ಗಗಳಲ್ಲಿ ಒಂದು) ತಮ್ಮ ಹೆಸರಿಗೆ ರಿಜಿಸ್ಟರ್ ಆಗಿದೆ, ಹದಿನೈದು ದಿನದೊಳಗೆ ಬಳಸುವುದು ನಿಲ್ಲಿಸಿ, ಕವರುಗಳನ್ನೆಲ್ಲ ನಾಶ ಮಾಡಿ ಅಂತ ಅವರ ವಕೀಲರು ಬರೆದಿದ್ದರು. ಅಮ್ಮನಿಗೆ ಅನ್ನ ಸೇರಲಿಲ್ಲ. ಹಪ್ಪಳ ತಟ್ಟಲು ಬರುವ ಹೆಂಗಸರು, "ಅಕ್ಕಾ, ಇನ್ನು ಕೆಲಸ ಉಂಟಾ?" ಅಂತ ಕೇಳತೊಡಗಿದರು.

ಆಗ ಸುತ್ತಲಿನವರು ಹೇಳಿದ್ದು ಒಂದೇ: ಪಂಚಾಯತ್ ಲೈಸೆನ್ಸ್ ಉಂಟು, ಜಿಎಸ್‌ಟಿ ಉಂಟು, ಫುಡ್ ಲೈಸೆನ್ಸ್ ಉಂಟು, ಹೆದರುವುದು ಯಾಕೆ? ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಇವು ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಕಂಪನಿ ಅಂತ ನೋಂದಾಯಿಸಿಕೊಂಡರೂ ಅದು ಟ್ರೇಡ್‌ಮಾರ್ಕ್ ಆಗುವುದಿಲ್ಲ. ಆದರೆ ಪ್ರತಿಯೊಂದರ ಮೇಲೂ ಒಂದು ತಾರೀಕು ಇರುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಆ ತಾರೀಕುಗಳೇ.

ಕಾಸರಗೋಡಿನ ನಮ್ಮ ವಕೀಲರು ನೋಟಿಸು ಓದಿ ಕೇಳಿದ ಮೊದಲ ಪ್ರಶ್ನೆ: "ನೀವು ಈ ಹೆಸರು ಯಾವಾಗಿನಿಂದ ಹಾಕುತ್ತಿದ್ದೀರಿ? ಬಾಯಿಮಾತು ಬೇಡ, ಕಾಗದ ತೋರಿಸಿ." 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಅವರೇ ವಿವರಿಸಿದರು. ಎದುರಿನವರು ಹೆಸರು ಬಳಸಲು ಶುರು ಮಾಡಿದ ದಿನ ಒಂದು, ಅವರ ನೋಂದಣಿಯ ದಿನ ಇನ್ನೊಂದು. ಈ ಎರಡರಲ್ಲಿ ಯಾವುದು ಮೊದಲೋ, ಅದಕ್ಕಿಂತಲೂ ಹಿಂದಿನಿಂದ ನಾವು ಬಿಡದೆ ಬಳಸುತ್ತಾ ಬಂದಿರಬೇಕು. ಹಾಗಿದ್ದರೆ ಅವರು ನಮ್ಮನ್ನು ತಡೆಯುವಂತಿಲ್ಲ. ನೋಂದಣಿ ದಿನ ಅಂದರೆ ಸರ್ಟಿಫಿಕೇಟ್ ಬಂದ ದಿನ ಅಲ್ಲ, ಅರ್ಜಿ ಹಾಕಿದ ದಿನ. ಅವರ ಅರ್ಜಿ 2014ರದ್ದು, ಬಳಕೆ 2011ರಿಂದ ಅಂತ ಅವರೇ ಬರೆದುಕೊಂಡಿದ್ದರು. ಇದೆಲ್ಲ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಂದರೆ ನಾವು 2011ಕ್ಕಿಂತ ಹಿಂದಿನ ದಾಖಲೆ ತೋರಿಸಬೇಕಿತ್ತು.

ಹಳ್ಳಿಯ ಮನೆ ಉದ್ಯಮದಲ್ಲಿ ಹಳೆಯ ದಾಖಲೆ ಎಲ್ಲಿಂದ ತರುವುದು? ಮೊದಲು ಲೇಬಲ್ ಅಚ್ಚು ಹಾಕುತ್ತಿದ್ದ ಪ್ರೆಸ್ಸಿಗೆ ಹೋದೆ. ಮಾಲೀಕರು ಅಟ್ಟದಿಂದ ಹಳೆಯ ಬಿಲ್ ಪುಸ್ತಕಗಳ ಕಟ್ಟು ಇಳಿಸಿ ಕೊಟ್ಟರು. ಗೆದ್ದಲು ತಿನ್ನದೆ ಉಳಿದವುಗಳಲ್ಲಿ ನಮ್ಮ ಲೇಬಲ್ಲಿನ ಬಿಲ್ಲುಗಳೂ ಇದ್ದವು. ಮಂಗಳೂರಿನ ಒಂದು ಅಂಗಡಿಯವರು ಹಳೆಯ ಲೆಕ್ಕದ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿ, ಸಹಿ ಹಾಕಿ ಕೊಟ್ಟರು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ನಾನು ಎಣಿಸದ ಕಡೆ. ನಮ್ಮ ಊರಿನ ದೇವಸ್ಥಾನದಲ್ಲಿ 2003ರಲ್ಲಿ ಬ್ರಹ್ಮಕಲಶ ಆಗಿತ್ತು. ಅದರ ಸ್ಮರಣ ಸಂಚಿಕೆ ಪಕ್ಕದ ಮನೆಯ ಮಾಸ್ಟ್ರ ಕಪಾಟಿನಲ್ಲಿತ್ತು. ಪುಟದ ಮೇಲ್ಭಾಗದಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಶುಭಾಶಯ, ಕೆಳಗೆ ಎಡಮೂಲೆಯಲ್ಲಿ ಕಾಲು ಪುಟದ ನಮ್ಮ ಜಾಹೀರಾತು. ಹೆಸರು, ಹಲಸಿನ ಹಣ್ಣಿನ ಚಿತ್ರ, ಆರು ಅಂಕಿಯ ಫೋನ್ ನಂಬರು, ಅಮ್ಮನ ಹೆಸರು. ಮೊದಲ ಪುಟದಲ್ಲಿ ತಿಂಗಳು, ವರ್ಷ ಅಚ್ಚಾಗಿತ್ತು. ಅಚ್ಚಾಗಿ ಊರಿಗೆಲ್ಲ ಹಂಚಿದ ಪುಸ್ತಕವನ್ನು ಸುಳ್ಳು ಅನ್ನುವುದು ಯಾರಿಗೂ ಸುಲಭವಲ್ಲ. ಗಡಿನಾಡಿನಲ್ಲಿ ಶಾಲೆ, ದೇವಸ್ಥಾನ, ಭಜನಾ ಮಂದಿರ ಎಲ್ಲದಕ್ಕೂ ಇಂಥ ಸಂಚಿಕೆ ಬರುತ್ತದೆ. ನಿಮ್ಮ ಜಾಹೀರಾತು ಇರುವ ಪ್ರತಿಯನ್ನು ದಯವಿಟ್ಟು ತೆಗೆದಿಡಿ.

ನಮ್ಮ ಕಾಗದಗಳು ಕೆಲವು ಕನ್ನಡ, ಕೆಲವು ಮಲಯಾಳ. ಎಲ್ಲದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ, ಅಮ್ಮನಿಂದ ಅಫಿಡವಿಟ್ ಬರೆಸಿದೆವು. ಉತ್ತರದಲ್ಲಿ ವಕೀಲರು ಸುಪ್ರೀಂ ಕೋರ್ಟಿನ 2015ರ ತೀರ್ಪೊಂದನ್ನು ಸೇರಿಸಿದರು. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ ಕೇಸು ಅದು. ಅಲ್ಲಿ ಎರಡೂ ಕಡೆಯವರ ಹತ್ತಿರ ನೋಂದಣಿ ಇತ್ತು. ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ಮೇಲು ಅಂತ ಹೇಳಿ ಕೋರ್ಟು ಹಳೆಯ ಅಂಗಡಿಯ ಪರವಾಗಿ ನಿಂತಿತು.

ಅದನ್ನು ಓದಿದ ಮೇಲೆ, ಹೆಸರು ಪೂರ್ತಿ ನಮ್ಮದೇ ಆಗಲಿ, ಅವರ ನೋಂದಣಿ ರದ್ದು ಮಾಡಿಸೋಣ ಅಂತ ನನ್ನ ತಮ್ಮ ಪಟ್ಟು ಹಿಡಿದ. ನನಗೆ ಅದು ಸರಿ ಕಾಣಲಿಲ್ಲ. ದೇವರ ಹೆಸರನ್ನು ಒಬ್ಬರೇ ಕಟ್ಟಿಹಾಕಿಕೊಳ್ಳುವುದು ಕಷ್ಟ, ನ್ಯಾಯವೂ ಅಲ್ಲ. ಊದುಬತ್ತಿಗೆ 'ರಾಮಾಯಣ' ಅನ್ನುವ ಹೆಸರಿನ ಮೇಲೆ ಒಬ್ಬರಿಗೇ ಹಕ್ಕು ಕೊಡಲು ಆಗದು ಅಂತ ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ. ನಂದಿನಿ ಕೇಸಂತೂ ನಮಗೆಲ್ಲ ಹತ್ತಿರದ್ದು. ಕೆಎಂಎಫ್ ಹಾಲಿಗೆ ಆ ಹೆಸರು 1985ರಿಂದ, ನಂದಿನಿ ಡೀಲಕ್ಸ್ ಹೋಟೆಲಿಗೆ 1989ರಿಂದ. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರಲ್ಲಿ ಕೋರ್ಟು ಹೋಟೆಲಿನವರ ಪರವಾಗಿ ಹೇಳಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು. ಅದು ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ, ಎರಡರ ಬರಹ, ಚಿತ್ರ ನೋಡಲು ಬೇರೆಯೇ ಇವೆ ಅನ್ನುವುದು ಅಲ್ಲಿ ಮುಖ್ಯವಾಯಿತು.

ನಮ್ಮದು ಅಷ್ಟು ಸುಲಭ ಇರಲಿಲ್ಲ. ಎರಡೂ ಹಪ್ಪಳ, ಎರಡೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ. ಗಿರಾಕಿಗೆ ಗೊಂದಲ ಆಗಿಯೇ ಆಗುತ್ತದೆ. ಹಾಗಾಗಿ ಉತ್ತರದ ಜೊತೆಗೆ, ಕೂತು ಮಾತಾಡೋಣ ಅಂತಲೂ ಬರೆಸಿದೆ. ದಾಖಲೆ ನೋಡಿದ ಮೇಲೆ ಅವರ ದನಿ ಇಳಿದಿತ್ತು. ಮಂಗಳೂರಿನಲ್ಲಿ ಅವರ ವಕೀಲರ ಆಫೀಸಿನಲ್ಲಿ ಎರಡೂ ಪ್ಯಾಕೆಟ್ಟುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಮಾತಾಡಿದೆವು. ಎರಡರದ್ದೂ ಹಸಿರು ಕವರು, ಹಳದಿ ಅಕ್ಷರ. ಜಗಳ ಇದ್ದದ್ದು ಹೆಸರಿನಲ್ಲಿ ಮಾತ್ರ ಅಲ್ಲ, ಅಲ್ಲೂ ಇತ್ತು.

ಒಪ್ಪಂದ ಹೀಗಾಯಿತು. ದೇವರ ಹೆಸರು ಇಬ್ಬರಿಗೂ ಇರಲಿ. ನಾವು ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಊರಿನ ಹೆಸರು ಹಾಕಬೇಕು. ಹಲಸಿನ ಚಿತ್ರ ಮತ್ತು ಹಸಿರು ಕವರು ನಮಗೆ, ಅವರು ಕೆಂಪಿಗೆ ಬದಲಾಯಿಸಬೇಕು. ಸಾಂಬಾರು ಪುಡಿಗೆ ನಾವು ಕೈ ಹಾಕುವುದಿಲ್ಲ. ನಮ್ಮ ಲೇಬಲ್ಲಿನ ನೋಂದಣಿಗೆ ಅವರು ಒಪ್ಪಿಗೆ ಪತ್ರ ಕೊಡಬೇಕು. ಇದ್ದ ಹಳೆಯ ಕವರು ಮುಗಿಯುವವರೆಗೆ ಇಬ್ಬರಿಗೂ ಅವಕಾಶ. ಈ ಕೊನೆಯ ಮಾತು ಸಣ್ಣದು ಅನ್ನಿಸಬಹುದು, ಆದರೆ ಮನೆ ಉದ್ಯಮಕ್ಕೆ ಕವರಿನ ಖರ್ಚು ದೊಡ್ಡದು. ಕೇಳಿ ಬರೆಸಿಕೊಳ್ಳಿ.

ಆಮೇಲೆ ಚೆನ್ನೈ ರಿಜಿಸ್ಟ್ರಿಗೆ ಆನ್‌ಲೈನ್ ಅರ್ಜಿ ಹಾಕಿದೆವು. ಕೇರಳ, ಕರ್ನಾಟಕ ಎರಡಕ್ಕೂ ಅದೇ ಆಫೀಸು. ಒಂದು ಕ್ಲಾಸಿಗೆ ನಮ್ಮಂಥವರಿಗೆ ಶುಲ್ಕ 4,500 ರೂಪಾಯಿ. ಹಪ್ಪಳ 30ನೇ ಕ್ಲಾಸು, ಉಪ್ಪಿನಕಾಯಿ ಮತ್ತು ಚಿಪ್ಸ್ 29, ಹಾಗಾಗಿ ಎರಡು. ಲೇಬಲ್ಲಿನಲ್ಲಿ ಕನ್ನಡ, ಮಲಯಾಳ ಎರಡೂ ಲಿಪಿ ಇದ್ದುದರಿಂದ ಉಚ್ಚಾರಣೆ, ಅರ್ಥ ಎರಡನ್ನೂ ಇಂಗ್ಲಿಷಿನಲ್ಲಿ ಕೊಡಬೇಕಾಯಿತು. ನಿರೀಕ್ಷಿಸಿದಂತೆ ಪರಿಶೀಲನಾ ವರದಿಯಲ್ಲಿ ಅವರ ಮಾರ್ಕನ್ನೇ ತೋರಿಸಿ ಆಕ್ಷೇಪ ಬಂತು. ಒಪ್ಪಿಗೆ ಪತ್ರ, ಅಮ್ಮನ ಅಫಿಡವಿಟ್, ಸ್ಮರಣ ಸಂಚಿಕೆಯ ಪುಟ ಲಗತ್ತಿಸಿ, ಪ್ರಾಮಾಣಿಕ ಏಕಕಾಲದ ಬಳಕೆಗೆ, ಅಂದರೆ ಇಬ್ಬರೂ ಮೋಸವಿಲ್ಲದೆ ಒಂದೇ ಹೆಸರು ಬಳಸುತ್ತಾ ಬಂದಿದ್ದರೆ ಇಬ್ಬರಿಗೂ ನೋಂದಣಿ ಕೊಡಲು, ಅವಕಾಶ ಇರುವ 12ನೇ ಸೆಕ್ಷನ್ ಹೇಳಿ ಉತ್ತರ ಕೊಟ್ಟೆವು. ಅದು ಒಪ್ಪಿಗೆಯಾಗಿ, ನಮ್ಮ ಅರ್ಜಿ ರಿಜಿಸ್ಟ್ರಿಯವರು ವಾರವಾರ ಹೊರತರುವ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಯಾರೂ ವಿರೋಧಿಸಲಿಲ್ಲ, ನೋಂದಣಿ ಆಯಿತು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು.

ಈಗ ಸೋಮವಾರ ಹೊಸ ಜರ್ನಲ್ ಬಂದಾಗ ನಮ್ಮ ಎರಡು ಕ್ಲಾಸುಗಳನ್ನು ನಾನೇ ನೋಡುತ್ತೇನೆ. ಬೇರೆಯವರು ತೀರಾ ಹತ್ತಿರದ ಲೇಬಲ್ ಹಾಕಿದ್ದು ಕಂಡರೆ ವಿರೋಧಿಸಲು ಪ್ರಕಟವಾದ ದಿನದಿಂದ ನಾಲ್ಕು ತಿಂಗಳು ಸಮಯ ಇರುತ್ತದೆ, ಆನ್‌ಲೈನಿನಲ್ಲಿ ಒಂದು ಕ್ಲಾಸಿಗೆ ಶುಲ್ಕ 2,700 ರೂಪಾಯಿ. ಬರೇ ದೇವರ ಹೆಸರು ಒಂದೇ ಅಂತ ಮಾತ್ರ ನಾನು ಯಾರನ್ನೂ ತಡೆಯಲು ಹೋಗುವುದಿಲ್ಲ.