ಚೀನಿಯರ ‘ತಾ’, ನಮ್ಮ ‘ಹೊಡಿ’

ಚೀನೀ ಕಲಿಯಲು ಶುರು ಮಾಡಿದವರಿಗೆ ನಾನು ಮೊದಲು ಹೇಳಿಕೊಡುವ ಕ್ರಿಯಾಪದ ‘ತಾ’. ಮೂಲ ಅರ್ಥ ‘ಹೊಡೆ’. ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ‘ಡಿ’ಯಿಂದ ಬರೆಯುತ್ತಾರೆ. ಅದನ್ನು ನೋಡಿ ‘ಡಾ’ ಅನ್ನಬೇಡಿ. ನಮ್ಮ ‘ತ’ದಂತೆ ಉಸಿರು ಬಿಡದೆ ಹೇಳಿ. ದನಿ ಕೆಳಗಿಳಿಯಬೇಕು, ಅದು ಮೂರನೇ ಸ್ವರ (ಚೀನಿಯಲ್ಲಿ ಪ್ರತಿ ಪದವನ್ನೂ ಹೇಳುವ ದನಿಯ ಏರಿಳಿತಕ್ಕೆ ಸ್ವರ ಅನ್ನುತ್ತೇವೆ). ಬರೆಯಲು ಐದೇ ಗೆರೆ: ಎಡಕ್ಕೆ ಕೈಯ ಗುರುತು, ಬಲಕ್ಕೆ ಮೊಳೆಯಂಥ ಆಕಾರ. ಕೈ ಮೊಳೆ ಹೊಡೆಯುತ್ತಿದೆ ಅಂದುಕೊಳ್ಳಿ, ಮರೆಯುವುದಿಲ್ಲ.

ಇನ್ನು ಬಳಕೆ. ಇಲ್ಲಿ ಇಂಗ್ಲಿಷ್ ಬಿಟ್ಟು ಕನ್ನಡ ಹಿಡಿಯಿರಿ. ನಾವು ಗೊರಕೆ ಹೊಡೆಯುತ್ತೇವೆ, ಅವರೂ ‘ತಾ ಹೂಲು’ ಅನ್ನುತ್ತಾರೆ. ನಮ್ಮಲ್ಲಿ ಸಿಡಿಲು ಹೊಡೆಯುತ್ತದೆ, ಅವರಲ್ಲಿ ಗುಡುಗಿದರೆ ‘ತಾ ಲೇ’. ಫೋನ್ ಮಾಡುವುದು ‘ತಾ ತ್ಯೆನ್‌ಹ್ವಾ’. ಟ್ಯಾಕ್ಸಿ ಹಿಡಿಯುವುದಕ್ಕೂ, ಹೋಟೆಲಿನಲ್ಲಿ ಉಳಿದದ್ದನ್ನು ಪಾರ್ಸೆಲ್ ಮಾಡಿಸುವುದಕ್ಕೂ ಇದೇ ‘ತಾ’. ನೀರು ತರುವುದು ‘ತಾ ಶ್ವೇ’. ನಮ್ಮ ‘ನೀರು ತಾ’ ನೆನಪಾಗುತ್ತೆ, ಅಲ್ವಾ? ‘ತಾ ಶ್ವೇ’ಯಲ್ಲಿ ಎರಡೂ ಪದ ಮೂರನೇ ಸ್ವರದವು. ಹಾಗಾಗಿ ಮೊದಲನೆಯದನ್ನು ‘ಹೌದಾ?’ ಎಂದು ಕೇಳುವಾಗಿನಂತೆ ಮೇಲಕ್ಕೆ ಎತ್ತಬೇಕು. ಹೊಡೆಯುವ ಪದ ನೀರು ತರುವುದಕ್ಕೂ ಕೊಡೆ ಹಿಡಿಯುವುದಕ್ಕೂ ಬಂತಲ್ಲ ಎಂದು ಚೀನಾದ ಸೊಂಗ್ ರಾಜವಂಶದ ಕಾಲದ ಪಂಡಿತ ಓಯಾಂಗ್ ಶ್ಯೊ 11ನೇ ಶತಮಾನದಲ್ಲೇ ಆಕ್ಷೇಪಿಸಿದ್ದ. ಜನ ಕೇಳಲಿಲ್ಲ.

ಹಣದ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಟೈಲ್ಸ್ ಖರೀದಿಗೆ ಚೀನಾದ ಫೋಶಾನ್‌ ನಗರಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ‘ತಾ ಪಾ ಚ’ ಎಂಬ ಬೋರ್ಡ್ ಇತ್ತು. ‘ಪಾ’ ಅಂದರೆ ಎಂಟು. ನೂರಕ್ಕೆ ಎಂಟು ಬಿಡುತ್ತಾರೆ ಅಂದುಕೊಂಡು ಇನ್ನೂ ಜಾಸ್ತಿ ಕೇಳಿದೆ. ಅಂಗಡಿಯಾಕೆ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿ 1000 ಒತ್ತಿದಳು, 0.8ರಿಂದ ಗುಣಿಸಿದಳು. 800 ಬಂತು. ಅಲ್ಲಿ ಹೇಳುವುದು ಬಿಡುವ ಪಾಲನ್ನಲ್ಲ, ಕೊಡಬೇಕಾದ ಪಾಲನ್ನು. ಹತ್ತರಲ್ಲಿ ಎಂಟು ಪಾಲು ಕೊಡಿ ಎಂದರ್ಥ. ಒಂಬತ್ತು ಅಂದರೆ ರಿಯಾಯಿತಿ ಬರೀ ಶೇಕಡಾ 10.

ವಾಕ್ಯ ಕಟ್ಟುವಾಗ ‘ತಾ’ ಮತ್ತು ಅದರ ಜೊತೆ ಪದವನ್ನು ಬಿಡಿಸಬಹುದು. ಕೆಲಸ ಮುಗಿದದ್ದನ್ನು ಹೇಳುವ ‘ಲ’, ಆಮೇಲೆ ಎಣಿಕೆ, ಎರಡೂ ನಡುವೆ ಬರುತ್ತವೆ. ‘ತಾ ಲ ಸಾನ್ ಕ ತ್ಯೆನ್‌ಹ್ವಾ’ ಅಂದರೆ ಮೂರು ಫೋನ್ ಮಾಡಿದೆ (‘ಸಾನ್’ ಮೂರು, ‘ಕ’ ಎಣಿಸುವಾಗ ಸೇರಿಸುವ ಪದ). ಯಾರಿಗೆ ಎಂಬುದು ಕನ್ನಡದಂತೆ ಮೊದಲೇ ಬರುತ್ತದೆ: ‘ಕೇ ಮಾಮಾ ತಾ ತ್ಯೆನ್‌ಹ್ವಾ’, ಅಮ್ಮನಿಗೆ ಫೋನ್ ಮಾಡು. ಈ ಒಂದು ವಾಕ್ಯವನ್ನು ಇವತ್ತು ಹತ್ತು ಸಲ ಜೋರಾಗಿ ಹೇಳಿ. ನಾಳೆ ಅಮ್ಮನ ಜಾಗದಲ್ಲಿ ಬೇರೆಯವರನ್ನು ಹಾಕಿ.