ಕೀವಿನಲ್ಲಿ ಕಾಳು ಹುಡುಕಿದ್ದು

ರಾಯಚೂರು ಸೀಮೆಯಲ್ಲಿ ಮೂಳೆ ಶಸ್ತ್ರವೈದ್ಯನಾಗಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕುರಿ ಕಾಯುವ ಹತ್ತೊಂಬತ್ತರ ಹುಡುಗನೊಬ್ಬ ಬಾತ ಪಾದ ಹೊತ್ತು ಬಂದ. ಅಂಗಾಲಿನ ಒಳಬದಿ ಗಟ್ಟಿಯಾಗಿತ್ತು, ಒಂದು ಕಡೆ ಕೀವು ಸೋರುತ್ತಿತ್ತು. ಕುರು ಅಂದುಕೊಂಡೆ, ಕೊಯ್ದು ಬಿಡಿಸಿದೆ. ಕೀವಿನ ಜೊತೆ ಚಿರೋಟಿ ರವೆಯಂಥ ಹಳದಿ ಬಿಳುಪಿನ ಕಣಗಳು ಬಂದು ಗಾಜ್ ಬಟ್ಟೆಗೆ ಅಂಟಿಕೊಂಡವು. ಪಕ್ಕದಲ್ಲಿದ್ದ ಸಿಸ್ಟರ್, 'ಸರ್, ಇದೇನ್ರಿ ರವಾ ಇದ್ದಂಗ ಐತಿ' ಎಂದು ಕೇಳಿದರು. ಸತ್ತ ಮಾಂಸವಿರಬೇಕು ಎಂದು ಗಾಜ್ ಸಮೇತ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿಸಿದೆ. ಆ ಹುಡುಗನ ರೋಗದ ಹೆಸರು ಆ ಗಾಜ್ ಬಟ್ಟೆಯ ಮೇಲಿತ್ತು. ನಾನೇ ಎಸೆದೆ.

ನಾಲ್ಕು ತಿಂಗಳಿಗೆ ಆತ ಮತ್ತೆ ಬಂದ. ಒಂದಿದ್ದ ತೂತು ನಾಲ್ಕಾಗಿತ್ತು. 'ನೋವೇನಿಲ್ರಿ ಸರ, ಚಪ್ಪಲಿ ಹಿಡಿಯಂಗಿಲ್ಲ ಅಷ್ಟ' ಎಂದ. ಆ ಮಾತು ಕೇಳಿಯೇ ನನಗೆ ಎಚ್ಚರವಾಯಿತು. ಇಷ್ಟು ಬಾತು, ಇಷ್ಟು ಸೋರುವ ಕಾಲಿಗೆ ನೋವಿಲ್ಲವೆಂದರೆ ಅದು ಸಾಮಾನ್ಯ ಕೀವಿನ ಕುರುವಲ್ಲ. ನೋವಿಲ್ಲದ ಗಟ್ಟಿ ಬಾವು, ಒಂದಕ್ಕಿಂತ ಹೆಚ್ಚು ಸೋರುವ ಬಾಯಿ, ಅವುಗಳಿಂದ ಹೊರಬೀಳುವ ಕಾಳು (ರೋಗಾಣುಗಳೇ ಒಟ್ಟುಗೂಡಿದ ಕಣ): ಈ ಮೂರೂ ಕೂಡಿದರೆ ಮೈಸಿಟೋಮಾ. 1842ರಲ್ಲಿ ಮದುರೈಯಲ್ಲಿದ್ದ ಗಿಲ್ ಎಂಬ ವೈದ್ಯ ಇದನ್ನು ಬರೆದಿಟ್ಟದ್ದರಿಂದ ಇದಕ್ಕೆ ಮದುರಾ ಪಾದ ಎಂದೂ ಹೆಸರು. ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ವ್ಯಾಂಡೈಕ್ ಕಾರ್ಟರ್ 1860ರಲ್ಲಿ ಇದರ ಹಿಂದೆ ಶಿಲೀಂಧ್ರವಿದೆ ಎಂದು ಹೇಳಿ ಮೈಸಿಟೋಮಾ ಎಂಬ ಹೆಸರು ಕೊಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕಡೆಗಣಿಸಲ್ಪಟ್ಟ ಕಾಯಿಲೆಗಳ ಪಟ್ಟಿಗೆ ಇದು ಸೇರಿದ್ದು ಮಾತ್ರ 2016ರಲ್ಲಿ. ನಮ್ಮ ನೆಲದಲ್ಲೇ ಗುರುತಾದ ಕಾಯಿಲೆಯನ್ನು ನಾನು ಪಠ್ಯದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಎದುರಿಗೆ ಬಂದಾಗ ಗುರುತಿಸಲಿಲ್ಲ.

ಕಾರ್ಟರ್ ಶಿಲೀಂಧ್ರ ಎಂದದ್ದು ಅರ್ಧ ಸತ್ಯ. ಇದೇ ರೂಪದ ರೋಗ ಎರಡು ಬೇರೆ ಜಾತಿಯ ಜೀವಿಗಳಿಂದ ಬರುತ್ತದೆ. ಒಂದು ನಿಜವಾದ ಶಿಲೀಂಧ್ರ. ಇನ್ನೊಂದು ನೂಲಿನಂತೆ ಬೆಳೆಯುವ ಬ್ಯಾಕ್ಟೀರಿಯಾ. ಕಣ್ಣಿಗೆ ಎರಡು ಪಾದಗಳೂ ಒಂದೇ ಥರ. ಆದರೆ ಬ್ಯಾಕ್ಟೀರಿಯಾದ್ದಕ್ಕೆ ಮುಖ್ಯವಾಗಿ ಔಷಧ ಸಾಕು, ಚಾಕುವಿನ ಕೆಲಸ ಬಹಳ ಕಡಿಮೆ. ಶಿಲೀಂಧ್ರದ್ದಕ್ಕೆ ಬರೀ ಮಾತ್ರೆ ಸಾಮಾನ್ಯವಾಗಿ ಸಾಲದು, ಕೊಯ್ಯಲೇಬೇಕು. ಯಾವುದು ಎಂದು ತಿಳಿಯದೆ ಕೊಯ್ದರೆ ಕೊಯ್ಯಬೇಕಿಲ್ಲದ ಕಾಲನ್ನು ಕೊಯ್ದಂತೆ, ಅಥವಾ ಕೊಯ್ಯಬೇಕಾದ ರೀತಿಯಲ್ಲಿ ಕೊಯ್ಯದೆ ರೋಗವನ್ನು ಇನ್ನಷ್ಟು ಹರಡಿದಂತೆ.

ಈ ಸಲ ಬೆನ್ನಿಗೆ ಅರಿವಳಿಕೆ (ಸ್ಪೈನಲ್) ಕೊಟ್ಟು, ಮೇಲಿನ ಸೋರುವ ಬಾಯಿಯನ್ನು ಬಿಟ್ಟು, ಆಳದಿಂದ ತುಣುಕು ತೆಗೆದೆ. ಬಾಯಿಯ ಹತ್ತಿರದ ಕೀವಿನಲ್ಲಿ ಚರ್ಮದ ಮೇಲಿನ ಬೇರೆ ಬ್ಯಾಕ್ಟೀರಿಯಾಗಳು ಸೇರಿಕೊಂಡು ವರದಿಯನ್ನು ಕೆಡಿಸುತ್ತವೆ. ಎರಡು ಬಾಟಲಿ ಇಟ್ಟುಕೊಂಡೆ: ಪೆಥಾಲಜಿಗೆ ತುಣುಕು ಕೆಡದಂತೆ ಇಡುವ ಫಾರ್ಮಲಿನ್, ಮೈಕ್ರೋಬಯಾಲಜಿಗೆ ಬರೀ ಸಲೈನ್. ಎಲ್ಲವನ್ನೂ ಫಾರ್ಮಲಿನ್ನಿಗೆ ಹಾಕಿದರೆ ರೋಗಾಣು ಸತ್ತುಹೋಗಿ ಕಲ್ಚರಿನಲ್ಲಿ ಏನೂ ಬೆಳೆಯುವುದೇ ಇಲ್ಲ, ಎಷ್ಟೋ ಕಡೆ ಆಗುವ ತಪ್ಪು ಇದೇ. ಲ್ಯಾಬಿನವರಿಗೆ ಖುದ್ದು ಹೋಗಿ ಹೇಳಿದೆ, 'ಎರಡು ದಿನಕ್ಕೆ ಬೆಳೆದಿಲ್ಲ ಅಂತ ಎಸೆಯಬೇಡಿ, ವಾರಗಟ್ಟಲೆ ಇಡಿ.' ಕಾಳನ್ನು ಸಲೈನಿನಲ್ಲಿ ತೊಳೆದು ಎರಡು ಗಾಜಿನ ಸ್ಲೈಡುಗಳ ನಡುವೆ ಒತ್ತಿದೆವು. ಬೆಣ್ಣೆಯಂತೆ ಅಪ್ಪಚ್ಚಿಯಾಯಿತು. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಗ್ರಾಮ್ ಬಣ್ಣ ಹಾಕಿ ನೋಡಿದರೆ ಕೂದಲಿಗಿಂತ ಎಷ್ಟೋ ಪಟ್ಟು ಸಪೂರವಾದ, ಒಂದು ಮೈಕ್ರಾನಿಗೂ ಮೀರದ ನೀಲಿ ನೂಲುಗಳು. ಇನ್ನೊಂದು ಬಣ್ಣದ ಪರೀಕ್ಷೆಯಲ್ಲಿ, ತೆಳು ಆಮ್ಲದಲ್ಲಿ ತೊಳೆದ ಮೇಲೂ ಕೆಂಪು ಬಣ್ಣ ಹಿಡಿದುಕೊಂಡಿದ್ದವು. ನೊಕಾರ್ಡಿಯಾ, ನೂಲಿನಂತೆ ಬೆಳೆಯುವ ಬ್ಯಾಕ್ಟೀರಿಯಾ.

ಹುಡುಗನ ಅಪ್ಪ ಕೈ ಮುಗಿದು, 'ಕಾಲು ತೆಗಿತೀರೇನ್ರಿ ಸಾಹೇಬ್ರ?' ಎಂದು ಕೇಳಿದರು. ಇಲ್ಲ ಯಜಮಾನ್ರೇ, ಇನ್ನು ಕತ್ತರಿಸೋದಿಲ್ಲ, ಇಂಜೆಕ್ಷನ್ ಕೊಡೋಣ ಅಂದೆ. ಮೆಕ್ಸಿಕೋದ ವೈದ್ಯರು ರೂಢಿಗೆ ತಂದ ಕ್ರಮವನ್ನು ಹಿಡಿದೆ: ದಿನಕ್ಕೆ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಅಮಿಕಾಸಿನ್ ಇಂಜೆಕ್ಷನ್ ಎರಡು ಭಾಗವಾಗಿ 21 ದಿನ, ಅದರ ಜೊತೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ 35 ದಿನ, ಇದು ಒಂದು ಸುತ್ತು. ಈ ಇಂಜೆಕ್ಷನ್ ಕಿವಿಯನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಅದಕ್ಕೇ ಪ್ರತಿ ಸುತ್ತಿಗೆ ಮುಂಚೆ ಕ್ರಿಯಾಟಿನಿನ್ ಮತ್ತು ಶ್ರವಣ ಪರೀಕ್ಷೆ. ಎರಡನೇ ಸುತ್ತು ಮುಗಿದಾಗ ಮೂರು ತೂತು ಮುಚ್ಚಿದ್ದವು, ಆದರೆ ಶ್ರವಣದ ಗೆರೆ ಮೇಲಿನ ಸ್ವರಗಳಲ್ಲಿ ಸ್ವಲ್ಪ ಇಳಿದಿತ್ತು. ಹುಡುಗನಿಗೆ ಅದು ಗೊತ್ತೇ ಆಗಿರಲಿಲ್ಲ. ಅಮಿಕಾಸಿನ್ ನಿಲ್ಲಿಸಿ ಮಾತ್ರೆ ಮುಂದುವರಿಸಿದೆ. ಕುರಿ ಕಾಯುವವನಿಗೆ ಕಾಲು ಎಷ್ಟು ಬೇಕೋ ಕಿವಿಯೂ ಅಷ್ಟೇ ಬೇಕು. ನಾಲ್ಕನೆಯ ತೂತು ನಿಧಾನಕ್ಕೆ, ಏಳು ತಿಂಗಳಿಗೆ ಮುಚ್ಚಿತು.

ಶಿಲೀಂಧ್ರದ ಗುರುತಾದ ಕಪ್ಪು ಕಾಳು ನಾನು ಕಂಡದ್ದು ಅದಾದ ಮೇಲೆ, ಐವತ್ತು ದಾಟಿದ ಒಬ್ಬ ರೈತರ ಬಲ ಪಾದದಲ್ಲಿ. ಹತ್ತಿ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಮುಳ್ಳು ಹೊಕ್ಕು ಆರು ವರ್ಷವಾಗಿತ್ತಂತೆ. ಈ ಜೀವಿಗಳು ಮಣ್ಣಿನಲ್ಲಿರುತ್ತವೆ, ಬರಿಗಾಲಿಗೆ ಮುಳ್ಳು ಚುಚ್ಚಿದಾಗ ಒಳಗೆ ಹೋಗುತ್ತವೆ. ದಕ್ಷಿಣದಲ್ಲಿ ಹೆಚ್ಚು ಕಾಣುವುದು ಬ್ಯಾಕ್ಟೀರಿಯಾದ್ದು, ಶಿಲೀಂಧ್ರದ್ದು ರಾಜಸ್ಥಾನದ ಕಡೆ ಹೆಚ್ಚು, ಹಾಗಾಗಿ ನಮಗೆ ಇದು ಅಪರೂಪವೇ. ಗಾಜ್ ಬಟ್ಟೆಯ ಮೇಲೆ, ಹುರಿದು ಕರಕಾದ ಗಸಗಸೆಯಂಥ ಕಾಳು. ಸ್ಲೈಡಿನ ನಡುವೆ ಒತ್ತಿದರೆ ಮರಳಿನಂತೆ ಕರಕರ ಎಂದಿತು, ಸುಲಭಕ್ಕೆ ಒಡೆಯಲಿಲ್ಲ. ಎಂಆರ್‌ಐನಲ್ಲಿ ಬೆಳ್ಳನೆಯ ಸಣ್ಣ ಗುಂಡುಗಳು, ಪ್ರತಿಯೊಂದರ ನಡುವೆ ಒಂದು ಕಪ್ಪು ಚುಕ್ಕಿ. ಈ ಗುರುತು ಒಮ್ಮೆ ಕಂಡವರು ಮರೆಯುವುದಿಲ್ಲ. ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲಿ (ಮೆಟಟಾರ್ಸಲ್) ಎರಡನ್ನು ರೋಗ ತಿಂದಿತ್ತು.

ಅವರಿಗೆ ಬೇರೆ ಕಡೆ ಮೊಣಕಾಲ ಕೆಳಗೆ ಕತ್ತರಿಸಬೇಕು ಎಂದು ಹೇಳಿದ್ದರು. ನಾನು ಕಾಯೋಣ ಅಂದೆ. ಶಿಲೀಂಧ್ರದ ಔಷಧ ಇಟ್ರಾಕೊನಜೋಲ್ 200 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಆರು ತಿಂಗಳು, ಆಮೇಲೆ ಶಸ್ತ್ರಚಿಕಿತ್ಸೆ. ಔಷಧದಿಂದ ಗಂಟಿನ ಸುತ್ತ ಗಟ್ಟಿ ಪೊರೆ ಬೆಳೆಯುತ್ತದೆ, ಆಗ ಒಡೆಯದೆ ಇಡಿಯಾಗಿ ತೆಗೆಯಬಹುದು. ಈ ಆರು ತಿಂಗಳು ಬಡವರಿಗೆ ಬಹಳ ಕಷ್ಟ. ಮಾತ್ರೆ ದುಬಾರಿ, ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ಎರಡನೇ ತಿಂಗಳು ಬಾವು ಒಂದಿಷ್ಟೂ ಇಳಿಯದ್ದು ಕಂಡು ಕೆದಕಿ ಕೇಳಿದೆ. 'ಹೊಟ್ಟಿ ಉರಿತೈತ್ರಿ, ಅದಕ್ಕ ಗ್ಯಾಸಿನ ಗುಳಿಗಿ ಕೂಡಿಸಿ ತಗೋತೀನ್ರಿ' ಅಂದರು. ಅದೇ ಕಾರಣ. ಇಟ್ರಾಕೊನಜೋಲ್ ಕ್ಯಾಪ್ಸೂಲು ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸಿನ ಮಾತ್ರೆ ಬಿಡಿಸಿ, ರೊಟ್ಟಿ ಊಟದ ಜೊತೆಗೇ ನುಂಗಲು ಹೇಳಿದೆ. ಮೂರನೇ ತಿಂಗಳಿಂದ ಪಾದ ಮೆತ್ತಗಾಗತೊಡಗಿತು.

ಶಸ್ತ್ರಚಿಕಿತ್ಸೆಯ ದಿನ ರಕ್ತ ಹರಿಯದಂತೆ ತಡೆಯುವ ಟೂರ್ನಿಕೆಟ್ ಕಟ್ಟುವ ಮೊದಲು ಕಾಲನ್ನು ಎತ್ತಿ ಹಿಡಿದು ರಕ್ತ ಇಳಿಸಿದೆವು. ರಬ್ಬರ್ ಪಟ್ಟಿ ಸುತ್ತಿ ಹಿಂಡಲಿಲ್ಲ, ಹಿಂಡಿದರೆ ರೋಗ ಮೇಲಕ್ಕೆ ತಳ್ಳಿದಂತೆ. ರಕ್ತ ಒಸರದ ಜಾಗವಿಲ್ಲದೆ ಈ ಕೆಲಸ ಮಾಡಲಾಗದು, ಏಕೆಂದರೆ ರಕ್ತದ ಹೆಪ್ಪಿಗೂ ಕಪ್ಪು ಕಾಳಿಗೂ ವ್ಯತ್ಯಾಸ ತಿಳಿಯದು. ಆರೋಗ್ಯವಂತ ಹಳದಿ ಕೊಬ್ಬಿನಲ್ಲೇ ಚಾಕು ನಡೆಸುತ್ತಾ ಗಂಟಿನ ಸುತ್ತ ಬಂದೆ. ಒಂದು ಕಡೆ ಪೊರೆ ಹರಿದು ನಾಲ್ಕೈದು ಕಾಳು ಚೆಲ್ಲಿದವು. ಕೈಗವಸು ಬದಲಾಯಿಸಿ, ಸಲೈನಿನಲ್ಲಿ ತೊಳೆದು, ಆ ಜಾಗದ ಸುತ್ತ ಇನ್ನೂ ಅರ್ಧ ಸೆಂಟಿಮೀಟರ್ ತೆಗೆದೆ. ಮೂರನೇ ಮತ್ತು ನಾಲ್ಕನೇ ಬೆರಳು ಮೂಳೆ ಸಮೇತ ಹೋದವು. ಹಿಮ್ಮಡಿ, ಹೆಬ್ಬೆರಳು ಉಳಿದವು. ಗಾಯ ಕೆಂಪಾಗಿ ತುಂಬಿಕೊಂಡ ಮೇಲೆ ತೊಡೆಯ ಚರ್ಮ ಕಸಿ ಮಾಡಿದೆ. ಮಾತ್ರೆ ಮತ್ತೆ ಆರು ತಿಂಗಳು.

ನಂಜು ಎಂದುಕೊಂಡದ್ದು ನಂಜೇ ಅಲ್ಲದ ಪಾದವೂ ಇದೆ. ಹದಿನಾಲ್ಕು ವರ್ಷ ಸಕ್ಕರೆ ಕಾಯಿಲೆಯಿದ್ದ ಒಬ್ಬ ಅಕ್ಕನವರ ಪಾದ ಕೆಂಪಾಗಿ ಬಿಸಿಯಾಗಿ ಬಾತಿತ್ತು. ಎರಡು ವಾರ ಆಂಟಿಬಯಾಟಿಕ್ ಹೋಗಿತ್ತು, ಕೊಯ್ಯಲು ನನ್ನ ಬಳಿ ಕಳಿಸಿದ್ದರು. ಎಲ್ಲೂ ಗಾಯವಿಲ್ಲ. ಅಂಗಾಲಿಗೆ ನೈಲಾನ್ ಎಳೆ ಮುಟ್ಟಿಸಿದರೆ ಗೊತ್ತಾಗುತ್ತಿಲ್ಲ. ಮಲಗಿಸಿ ಎರಡು ದಿಂಬಿನ ಮೇಲೆ ಕಾಲು ಇಟ್ಟು ಹತ್ತು ನಿಮಿಷ ಬಿಟ್ಟೆ. ಕೆಂಪು ಇಳಿಯಿತು. ನಂಜಿನ ಕೆಂಪು ಹಾಗೆ ಇಳಿಯುವುದಿಲ್ಲ. ಎಕ್ಸ್‌ರೇಯಲ್ಲಿ ನಡುಪಾದದ ಮೂಳೆಗಳು ಪುಡಿಯಾಗಿ ಜಾರಿದ್ದವು: ಸ್ಪರ್ಶ ಕಳೆದುಕೊಂಡ ಪಾದದ ಮೂಳೆಗಳು ಕುಸಿಯುವ ಶಾರ್ಕೋ ಪಾದ. ಅದಕ್ಕೆ ಬೇಕಾದ್ದು ಚಾಕುವಲ್ಲ, ಪಾದಕ್ಕೆ ಅಂಟಿಕೊಂಡು ಕೂರುವ ಪ್ಲಾಸ್ಟರ್. ಕುಷ್ಠರೋಗಿಗಳ ಜೋಮು ಹಿಡಿದ ಪಾದಗಳ ನಡುವೆ ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಈ ಪ್ಲಾಸ್ಟರಿನ ದೊಡ್ಡ ಪ್ರಚಾರಕರಾಗಿದ್ದರು. ಐದು ತಿಂಗಳು, ವಾರ ಎರಡು ವಾರಕ್ಕೊಮ್ಮೆ ಬದಲಾಯಿಸುತ್ತಾ ಹೋದೆ. ಒಂದು ವರ್ಷದ ಮೇಲೆ ಅಂಗಾಲಿನ ನಡುವೆ ಉಬ್ಬಿದ ಮೂಳೆ ಹುಣ್ಣು ಮಾಡತೊಡಗಿದಾಗ, ಆ ಉಬ್ಬನ್ನಷ್ಟೇ ಕೆತ್ತಿ ತೆಗೆದೆ.

ಈಗ ನಮ್ಮ ಆಪರೇಷನ್ ಥಿಯೇಟರಿನಲ್ಲಿ ಪಾದದ ಯಾವ ಕುರು ಬಿಡಿಸುವಾಗಲೂ ಟ್ರೇಯಲ್ಲಿ ಎರಡು ಬಾಟಲಿ ಮೊದಲೇ ಇರುತ್ತವೆ. ಅಂದು ರವೆ ಎಂದ ಸಿಸ್ಟರೇ ಇಡುತ್ತಾರೆ, ನಾನು ಕೇಳಬೇಕಾಗಿಲ್ಲ. ಬಳಸಿದ ಗಾಜ್ ಬಟ್ಟೆಯನ್ನು ಎಸೆಯುವ ಮುನ್ನ ಅವರು ಬೆಳಕಿಗೆ ಹಿಡಿದು ನೋಡುತ್ತಾರೆ.

ಆ ರೈತರು ಆರು ತಿಂಗಳಿಗೊಮ್ಮೆ ಬರುತ್ತಾರೆ. ಈ ರೋಗ ವರ್ಷಗಳಾದ ಮೇಲೂ ಮರಳಬಹುದು, ಅದಕ್ಕೆ ಬಿಡದೆ ಕರೆಸುತ್ತೇನೆ. ಕಳೆದ ಸಲ ಕಸಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದಾಗ ಮಡಿಕೆಯಲ್ಲೊಂದು ಕಪ್ಪು ಚುಕ್ಕಿ ಸಿಕ್ಕಿತು. ಅವರೂ ಬಗ್ಗಿ ನೋಡಿದರು, ಇಬ್ಬರೂ ಮಾತಾಡಲಿಲ್ಲ. ಸೂಜಿಯ ತುದಿಯಲ್ಲಿ ಎತ್ತಿ ಸ್ಲೈಡಿನ ಮೇಲಿಟ್ಟು ಒಂದು ಹನಿ ಸಲೈನ್ ಬಿಟ್ಟೆ. ಕರಗಿ ಹರಿಯಿತು. ಎರೆ ಮಣ್ಣು. 'ಮುಂಜಾನಿ ಹೊಲಕ್ಕ ಹೋಗಿದ್ದೆರಿ' ಎಂದರು. ಬೂಟು ಹಾಕ್ಕೊಂಡು ಹೋಗಿದ್ರಾ ಕಾಕಾ ಎಂದು ಕೇಳಿದೆ. ಮಂಚದ ಕೆಳಗಿಂದ ಒಂದು ಜೊತೆ ಬೂಟು ಎತ್ತಿ ತೋರಿಸಿದರು. ಬಲಗಾಲಿನದರ ಹೊರಬದಿ ಹೊಲಿಗೆ ಬಿಟ್ಟಿತ್ತು.